ಅಕ್ಕಡಿ ಸಾಲು ಮತ್ತು ನಮ್ಮ ಗಂಗಾಳ

ಅನ್ನವು ಜೀವಿಗಳಿಗೆಲ್ಲ ಆಧಾರ; ಆ ಅನ್ನಕ್ಕೆ ಆಧಾರ ಮಣ್ಣು. ಈ ಮಾತನ್ನು ಅರಿಯದವರು ನಮ್ಮಲ್ಲಿ ಯಾರೂ ಇರಲಾರರು. ಆದರೂ ದಿನಕ್ಕೆ ಎರಡು ಹೊತ್ತು ಗಂಗಾಳದ ಮುಂದೆ ಕುಳಿತುಕೊಳ್ಳುವ ನಾವು, ಅದರಲ್ಲಿ ಬಡಿಸಿದ ಪದಾರ್ಥಗಳಿಗೂ ಊರ ಹೊರಗಿನ ಹೊಲಕ್ಕೂ ಇರುವ ಸಂಬಂಧವನ್ನು ಎಷ್ಟು ಸಲ ನೆನೆಯುತ್ತೇವೆ? ಬಿತ್ತುವವನು ರೈತ, ಉಣ್ಣುವವರು ನಾವು, ನಡುವೆ ಅಂಗಡಿ ಎಂದು ತಿಳಿದು ಸುಮ್ಮನಾಗುತ್ತೇವೆ. ವಾಸ್ತವವಾಗಿ ಹೊಲದಲ್ಲಿ ಏನನ್ನು ಬಿತ್ತಬೇಕು ಎಂಬುದನ್ನು ರೈತನೊಬ್ಬನೇ ನಿಶ್ಚಯಿಸುವುದಿಲ್ಲ. ಪೇಟೆಯಲ್ಲಿ ಯಾವುದಕ್ಕೆ ಗಿರಾಕಿ ಇದೆ, ಮನೆಗಳಲ್ಲಿ ಏನು ಬೇಯುತ್ತದೆ, ಮದುವೆಯ ಪಂಕ್ತಿಯಲ್ಲಿ ಏನು ಬಡಿಸುತ್ತಾರೆ ಎಂಬುದು ಬಿತ್ತನೆಗೆ ಮೊದಲೇ ಅವನ ಕೂರಿಗೆಯನ್ನು ಒಂದು ದಿಕ್ಕಿಗೆ ತಿರುಗಿಸಿರುತ್ತದೆ.

ಇಂದು ಲೋಕದ ನಾನಾ ದೇಶಗಳಲ್ಲಿ ವಿದ್ವಾಂಸರು ಪರಿಸರ ಕೃಷಿಯನ್ನು ಕುರಿತು, ಆಹಾರ ವ್ಯವಸ್ಥೆಯ ಪರಿವರ್ತನೆಯನ್ನು ಕುರಿತು ಚರ್ಚಿಸುತ್ತಿದ್ದಾರೆ. ಮಾತು ದೊಡ್ಡದಾಗಿ ಕೇಳಿಸಿದರೂ ವಿಷಯವು ನಮ್ಮ ಅಂಗಳದ್ದೇ. ಉತ್ತರ ಕರ್ನಾಟಕದ ಎರೆಹೊಲ, ಅಲ್ಲಿ ಬೆಳೆಯುವ ಬಿಳಿಜೋಳ, ಅದರ ಜೊತೆಗೆ ಬರುತ್ತಿದ್ದ ಅಕ್ಕಡಿ ಕಾಳುಗಳು, ಅವುಗಳಿಂದ ತುಂಬುತ್ತಿದ್ದ ಗಂಗಾಳ, ಇವುಗಳ ಕಥೆಯನ್ನು ಕ್ರಮವಾಗಿ ನೋಡಿದರೆ ಆ ದೊಡ್ಡ ಮಾತಿನ ಅರ್ಥವು ತಾನಾಗಿಯೇ ತಿಳಿಯುತ್ತದೆ.

ಎರೆಹೊಲದ ವಿದ್ಯೆ

ವಿಜಯಪುರ, ಬಾಗಲಕೋಟೆ, ಗದಗ, ಧಾರವಾಡ, ಕಲಬುರಗಿ, ರಾಯಚೂರು, ಬೆಳಗಾವಿ ಸೀಮೆಗಳಲ್ಲಿ ಎರೆಭೂಮಿಯು ವಿಸ್ತಾರವಾಗಿ ಹರಡಿದೆ. ಈ ಮಣ್ಣಿನ ಗುಣವೇ ವಿಶೇಷವಾದುದು. ಮಳೆ ಬಿದ್ದಾಗ ಉಬ್ಬಿ ನೀರನ್ನು ಹೀರಿಕೊಳ್ಳುತ್ತದೆ. ಒಣಗಿದಾಗ ಬಿರಿದು ಬಾಯಿಬಿಡುತ್ತದೆ. ಮುಂಗಾರಿನಲ್ಲಿ ಕುಡಿದ ನೀರನ್ನು ತನ್ನ ಒಡಲಿನಲ್ಲಿ ತಿಂಗಳುಗಟ್ಟಲೆ ಕಾಪಾಡಿಕೊಳ್ಳುತ್ತದೆ. ಅದುದರಿಂದಲೇ ಈ ಸೀಮೆಯ ಹಿರಿಯರು ಸೆಪ್ಟೆಂಬರ್-ಅಕ್ಟೋಬರ್ ತಿಂಗಳಲ್ಲಿ ಹಿಂಗಾರಿ ಜೋಳವನ್ನು ಬಿತ್ತಿ, ಮುಂದೆ ಮಳೆ ಬಾರದಿದ್ದರೂ ಮಣ್ಣಿನ ತೇವ ಮತ್ತು ಚಳಿಗಾಲದ ಇಬ್ಬನಿಯ ಭರವಸೆಯ ಮೇಲೆ ಬೆಳೆ ತೆಗೆಯುವುದನ್ನು ಕಲಿತಿದ್ದರು. ಜೋಳದ ಬೇರು ಆಳಕ್ಕೆ ಇಳಿಯುತ್ತದೆ. ಎಲೆಯ ಮೇಲಿನ ಮೇಣದಂತಹ ಲೇಪವು ತೇವವು ಆರದಂತೆ ತಡೆಯುತ್ತದೆ. ಬರ ಹೆಚ್ಚಾದರೆ ಜೋಳವು ಬೆಳವಣಿಗೆಯನ್ನು ನಿಲ್ಲಿಸಿ ಕಾಯುತ್ತದೆ. ತೇವ ದೊರೆತೊಡನೆ ಮತ್ತೆ ಚಿಗುರುತ್ತದೆ. ವಿಜಯಪುರದ ಡೋಣಿ ಹೊಳೆಯ ದಂಡೆ ಬೆಳೆದರೆ ಓಣಿಗಳೆಲ್ಲ ಕಾಳಿನಿಂದ ತುಂಬುತ್ತವೆ ಎಂದು ಆ ಕಡೆಯ ಜನರು ಹೇಳಿಕೊಂಡು ಬಂದಿರುವುದು ಬರಿಯ ಹೆಮ್ಮೆಯ ಮಾತಲ್ಲ.

ಆದರೆ ಆ ಹೊಲದಲ್ಲಿ ಜೋಳವೊಂದೇ ಇರುತ್ತಿರಲಿಲ್ಲ. ಇಷ್ಟು ಸಾಲು ಜೋಳ, ನಡುವೆ ಒಂದು ಸಾಲು ಕುಸುಬೆ, ಪಕ್ಕದ ಪಟ್ಟಿಯಲ್ಲಿ ಕಡಲೆ, ಅಂಚಿನಲ್ಲಿ ಅಗಸೆ. ಮುಂಗಾರಿ ಹೊಲವಾದರೆ ಸಜ್ಜೆ ಅಥವಾ ಜೋಳದೊಡನೆ ತೊಗರಿ, ಹೆಸರು, ಅಲಸಂದೆ, ಮಡಕೆ, ಪುಂಡಿ. ಮುಖ್ಯ ಬೆಳೆಯ ಜೊತೆಗೆ ಹೀಗೆ ಬಿತ್ತುವುದನ್ನೇ ನಮ್ಮವರು ಅಕ್ಕಡಿ ಎಂದು ಕರೆದರು. ನೋಡುವವರಿಗೆ ಇದು ಕಲಸುಮೇಲೋಗರದಂತೆ ಕಂಡೀತು. ಪ್ರತಿಯೊಂದು ಸಾಲಿನ ಹಿಂದೆಯೂ ಒಂದು ವಿಚಾರವಿತ್ತು.

ಕುಸುಬೆಗೆ ಮುಳ್ಳಿದೆ, ಹೊಲದ ಸುತ್ತ ಬಿತ್ತಿದರೆ ಅಡ್ಡಾಡುವ ದನಗಳನ್ನು ತಡೆಯುವ ಬೇಲಿ, ಕೊಯ್ದರೆ ಮನೆಗೆ ಎಣ್ಣೆ. ಕಡಲೆಯ ಬೇರುಗಂಟುಗಳಲ್ಲಿ ವಾಸಿಸುವ ಸೂಕ್ಷ್ಮ ಜೀವಿಗಳು ಗಾಳಿಯಲ್ಲಿನ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುತ್ತವೆ. ಅದರ ಬೇರುಗಳು ಆಮ್ಲವನ್ನು ಸ್ರವಿಸಿ ಎರೆಮಣ್ಣಿನ ಸುಣ್ಣದೊಡನೆ ಬಿಗಿದುಕೊಂಡಿರುವ ರಂಜಕವನ್ನು ಬಿಡಿಸುತ್ತವೆ. ತೊಗರಿಯು ಮೊದಲ ಎರಡು ಮೂರು ತಿಂಗಳು ಮೆಲ್ಲನೆ ಬೆಳೆಯುತ್ತದೆ. ಜೊತೆಯ ಜೋಳವು ಕೊಯ್ಲಾಗಿ ಹೋದ ಮೇಲೆ ಉಳಿದ ತೇವವನ್ನು ಆಳದಿಂದ ಎಳೆದುಕೊಂಡು ಹರಡುತ್ತದೆ, ತನ್ನ ಎಲೆಗಳನ್ನು ಉದುರಿಸಿ ಮಣ್ಣಿಗೆ ಗೊಬ್ಬರವನ್ನು ಕೊಡುತ್ತದೆ. ಹೈದರಾಬಾದಿನ ಸಮೀಪದ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಈ ಜೋಳ-ತೊಗರಿಯ ಜೋಡಿಯನ್ನು ದೀರ್ಘಕಾಲ ಪರೀಕ್ಷಿಸಿತು. ಜೋಳವನ್ನಷ್ಟೇ ಬೆಳೆದಾಗ ದೊರೆಯುವ ಫಸಲಿನ ಬಹುಪಾಲು ಈ ಜೋಡಿಯಲ್ಲಿಯೂ ದೊರೆಯುತ್ತದೆ, ಅದರ ಮೇಲೆ ತೊಗರಿಯನ್ನಷ್ಟೇ ಬೆಳೆದಾಗಿನ ಫಸಲಿನಲ್ಲಿ ಅರ್ಧಕ್ಕೂ ಮಿಗಿಲಾದ ಪಾಲು ಲಭಿಸುತ್ತದೆ ಎಂಬುದು ಅಲ್ಲಿ ಕಂಡುಬಂದಿತು. ಹಿರಿಯರ ಅನುಭವಕ್ಕೆ ಪ್ರಯೋಗಶಾಲೆಯ ಮುದ್ರೆಯೂ ಬಿದ್ದಂತಾಯಿತು.

ಹೊಲದ ಈ ಜೋಡಿಯೇ ಗಂಗಾಳದಲ್ಲಿಯೂ ಜೋಡಿಯಾಗಿತ್ತು. ಜೋಳದಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲವು ಕಡಿಮೆ. ಬೇಳೆಕಾಳುಗಳಲ್ಲಿ ಅದು ಸಮೃದ್ಧ. ಬೇಳೆಯಲ್ಲಿ ಕೊರತೆಯಿರುವ ಮಿಥಿಯೋನಿನ್ ಜೋಳದಲ್ಲಿದೆ. ರೊಟ್ಟಿಯೊಡನೆ ಕಾಳುಪಲ್ಯವನ್ನು ಉಂಡಾಗ ಒಂದರ ಕೊರತೆಯನ್ನು ಮತ್ತೊಂದು ತುಂಬುತ್ತದೆ. ಅಗಸೆಯ ಹಿಂಡಿ, ಕುಸುಬೆಯ ಎಣ್ಣೆ, ಪುಂಡಿಪಲ್ಯ, ಗುರೆಳ್ಳು ಪುಡಿ ಎಲ್ಲವೂ ಅದೇ ಹೊಲದವು. ಎಳ್ಳ ಅಮಾವಾಸ್ಯೆಯಂದು ಕಲಬುರಗಿ-ಬೀದರ ಸೀಮೆಯಲ್ಲಿ ಮಾಡುವ ಭಜ್ಜಿಯನ್ನೇ ನೋಡಬಹುದು. ಕಡಲೆಸೊಪ್ಪು, ಮೆಂತ್ಯ, ಹಸಿ ತೊಗರಿ, ಅವರೆ ಮುಂತಾಗಿ ಹೊಲದಲ್ಲಿ ಆಗ ದೊರೆಯುವುದೆಲ್ಲವೂ ಅದರಲ್ಲಿ ಕೂಡಿರುತ್ತದೆ. ಅಂದು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಭೂತಾಯಿಗೆ ಚರಗವನ್ನು ಚೆಲ್ಲಿ, ಬಂಧುಮಿತ್ರರೊಡನೆ ಕುಳಿತು ಉಣ್ಣುವ ಆ ಹಬ್ಬವು ಹೊಲ ಮತ್ತು ಗಂಗಾಳ ಬೇರೆಯಲ್ಲವೆಂದು ವರ್ಷಕ್ಕೊಮ್ಮೆ ನೆನಪು ಮಾಡಿಕೊಡುವ ಹಬ್ಬವೇ ಆಗಿದೆ.

ಸಾಲುಗಳು ಕಳೆದುಹೋದ ಬಗೆ

ಇಂತಹ ವ್ಯವಸ್ಥೆಯು ಏಕೆ ಸಡಿಲಾಯಿತು? ಇದಕ್ಕೆ ಯಾರನ್ನೋ ಒಬ್ಬರನ್ನು ದೂರುವುದು ನ್ಯಾಯವಾಗಲಾರದು. 1960ರ ದಶಕದ ನಡುಭಾಗದಲ್ಲಿ ದೇಶವು ಎರಡು ವರ್ಷ ಸತತವಾಗಿ ಬರವನ್ನು ಕಂಡಿತು. ಅಮೆರಿಕದಿಂದ ಹಡಗುಗಳಲ್ಲಿ ಗೋಧಿ ಬಂದರೆ ಮಾತ್ರ ಪಡಿತರ ಎಂಬ ಸ್ಥಿತಿಯಿತ್ತು. ಅಂತಹ ಹೊತ್ತಿನಲ್ಲಿ 1965ರಲ್ಲಿ ಭಾರತೀಯ ಆಹಾರ ನಿಗಮವು ಸ್ಥಾಪನೆಯಾಯಿತು. 1966ರಲ್ಲಿ 18,000 ಟನ್ ಮೆಕ್ಸಿಕೋ ಗೋಧಿಯ ಬಿತ್ತನೆ ಬೀಜವನ್ನು ತರಿಸಲಾಯಿತು. ಗಿಡ್ಡ ತಳಿ, ನೀರಾವರಿ, ರಾಸಾಯನಿಕ ಗೊಬ್ಬರ, ನಿಶ್ಚಿತ ಬೆಲೆಯ ಖರೀದಿ ಎಂಬ ನಾಲ್ಕು ಕಂಬಗಳ ಮೇಲೆ ಹಸಿರು ಕ್ರಾಂತಿಯು ನಿಂತಿತು. 1950-51ರಲ್ಲಿ ಸುಮಾರು 5 ಕೋಟಿ ಟನ್ ಇದ್ದ ದೇಶದ ಆಹಾರಧಾನ್ಯದ ಉತ್ಪಾದನೆಯು 2022-23ರ ವೇಳೆಗೆ ಸುಮಾರು 33 ಕೋಟಿ ಟನ್ನಿಗೆ ಏರಿತು. ಹಸಿವಿನಿಂದ ದೇಶವನ್ನು ಪಾರು ಮಾಡಿದ ಈ ಸಾಧನೆಯನ್ನು ಅಲ್ಲಗಳೆಯುವವರು ಹಸಿವನ್ನು ಕಾಣದವರೇ ಇರಬೇಕು.

ಆದರೆ ಆ ಕಂಬಗಳು ಗೋಧಿ ಮತ್ತು ಭತ್ತದ ಮನೆಗೆ ಹೊಂದುವಂತೆ ಕಡೆದವು. ಆಹಾರ ನಿಗಮದ ಗೋದಾಮುಗಳು ತುಂಬಿದ್ದು ಆ ಎರಡು ಧಾನ್ಯಗಳಿಂದ. ನ್ಯಾಯಬೆಲೆ ಅಂಗಡಿಯ ಮೂಲಕ ಹಳ್ಳಿಹಳ್ಳಿಗೆ ಬಂದದ್ದೂ ಅವೇ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯು ಅಕ್ಕಿಗೆ ಕಿಲೋಗೆ 3 ರೂಪಾಯಿ, ಗೋಧಿಗೆ 2 ರೂಪಾಯಿ, ಒರಟು ಧಾನ್ಯಗಳಿಗೆ 1 ರೂಪಾಯಿ ಎಂದು ದರವನ್ನು ನಿಗದಿಪಡಿಸಿತು. 2023ರ ಜನವರಿಯಿಂದ ಆ ಧಾನ್ಯವನ್ನು ಉಚಿತವಾಗಿ ಕೊಡುವ ಕ್ರಮ ಬಂದಿತು. ಬಡವರ ಮನೆಯ ಒಲೆ ಆರದಂತೆ ಕಾಪಾಡಿದ ಈ ಕ್ರಮವು ಶ್ಲಾಘ್ಯವೇ ಸರಿ. ಆದರೆ ಜೋಳ ಬೆಳೆಯುವ ಊರಿನಲ್ಲಿಯೇ ಜೋಳವನ್ನು ಹಣ ಕೊಟ್ಟು ಕೊಳ್ಳಬೇಕು, ಅಕ್ಕಿ ಪುಕ್ಕಟೆ ಎಂದಾದಾಗ ಒಲೆಯ ಮೇಲಿನ ಪಾತ್ರೆ ಬದಲಾಗುವುದು ಸಹಜವಲ್ಲವೇ?

ಜೋಳಕ್ಕೂ ಹೊಸ ವಿಜ್ಞಾನವು ಬಂದಿತು. ಭಾರತದ ಮೊದಲನೆಯ ಸಂಕರಣ ಜೋಳದ ತಳಿ ಸಿ.ಎಸ್.ಎಚ್.-1 ಬಿಡುಗಡೆಯಾದದ್ದು 1964ರಲ್ಲಿ. ಇಳುವರಿ ಹೆಚ್ಚು, ಅವಧಿ ಕಡಿಮೆ. ಆದರೆ ಮುಂಗಾರಿ ಹೈಬ್ರಿಡ್ ಜೋಳದ ತೆನೆಯು ಮಳೆಗೆ ಸಿಕ್ಕಿ ಬೂಷ್ಟು ಹಿಡಿಯುತ್ತಿತ್ತು. ರೊಟ್ಟಿಗೆ ಹಿಂಗಾರಿ ಬಿಳಿಜೋಳದ ರುಚಿ ಬರಲಿಲ್ಲ. ಗಿಡ್ಡ ದಂಟಿನಿಂದ ಎತ್ತುಗಳಿಗೆ ಸಾಕಷ್ಟು ಕಣಕಿ ದೊರೆಯಲಿಲ್ಲ. ಇದಕ್ಕೆ ಪ್ರತಿಯಾಗಿ, ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ 1930ರ ದಶಕದಲ್ಲಿ ಸ್ಥಳೀಯ ಜೋಳದಿಂದಲೇ ಆಯ್ದು ತೆಗೆದ ಮಾಲದಂಡಿ ಎಂ.35-1 ತಳಿಯು ಎಂಟು ದಶಕಗಳ ಅನಂತರವೂ ನಮ್ಮ ರೈತರ ಕೈಯನ್ನು ಬಿಟ್ಟಿಲ್ಲ. ಕಾಳು, ಕಣಕಿ, ರುಚಿ ಮೂರನ್ನೂ ಒಟ್ಟಿಗೆ ಕೊಡುವ ತಳಿಗೆ ರೈತನು ಎಷ್ಟು ನಿಷ್ಠನಾಗಿರುತ್ತಾನೆ ಎಂಬುದಕ್ಕೆ ಇದು ಸಾಕ್ಷಿ.

ಮೂರನೆಯದು ನೀರು. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಪೂರ್ಣಗೊಂಡಾಗ ಎಡದಂಡೆಯ ಬಹುಭಾಗಕ್ಕೆ ಜೋಳ, ಹತ್ತಿ, ಶೇಂಗಾಗಳಂತಹ ಅಲ್ಪ ನೀರಿನ ಬೆಳೆಗಳನ್ನು ಯೋಜಿಸಲಾಗಿತ್ತು. ಕಾಲುವೆಯ ನೀರನ್ನು ಕಂಡ ಮೇಲೆ ಭತ್ತವೇ ಲಾಭದಾಯಕವೆನಿಸಿತು. ಮೇಲ್ಭಾಗದವರು ಭತ್ತಕ್ಕೆ ನೀರು ನಿಲ್ಲಿಸಿಕೊಂಡರೆ ಕೊನೆಯ ಭಾಗದವರಿಗೆ ನೀರು ತಲುಪದು. ನಿಂತ ನೀರಿನಿಂದ ಎರೆಭೂಮಿಯು ಸವಳು-ಜವಳಾಗುವುದು. ರಾಯಚೂರು, ಕೊಪ್ಪಳ ಸೀಮೆಯವರು ಇದನ್ನು ಕಣ್ಣಾರೆ ಕಂಡಿದ್ದಾರೆ. ಕೃಷ್ಣೆಯ ನೀರು ಬಂದೆಡೆ ಕಬ್ಬು ಹಬ್ಬಿತು. ದೇಶದಲ್ಲಿ 1970-71ರ ಸುಮಾರಿಗೆ 170 ಲಕ್ಷ ಹೆಕ್ಟೇರಿಗೂ ಹೆಚ್ಚಾಗಿದ್ದ ಜೋಳದ ಕ್ಷೇತ್ರವು 2021-22ರ ವೇಳೆಗೆ 40 ಲಕ್ಷ ಹೆಕ್ಟೇರಿಗಿಂತ ಕಡಿಮೆಯಾಯಿತು. ಜೋಳವು ಹೋದಾಗ ಅದು ಒಂಟಿಯಾಗಿ ಹೋಗಲಿಲ್ಲ. ಅದರ ಜೊತೆಗಿದ್ದ ಅಕ್ಕಡಿ ಸಾಲುಗಳೂ, ಕಣಕಿಯನ್ನು ನಂಬಿದ ಎತ್ತುಗಳೂ, ಎತ್ತುಗಳನ್ನು ನಂಬಿದ ತಿಪ್ಪೆಗೊಬ್ಬರವೂ, ಗೊಬ್ಬರವನ್ನು ನಂಬಿದ ಮಣ್ಣಿನ ಸತ್ತ್ವವೂ ಒಂದರ ಹಿಂದೆ ಒಂದಾಗಿ ಹೊರಟುಹೋದವು. ಒಂದು ಧಾನ್ಯವು ಗಂಗಾಳದಿಂದ ಕದಲಿದರೆ ಹೊಲದಲ್ಲಿ ಎಷ್ಟು ಸಾಲುಗಳು ಕದಲುತ್ತವೆ ಎಂಬುದನ್ನು ಇದರಿಂದ ಅರಿಯಬಹುದು.

ಹೊಸ ಹೆಸರು, ಹಳೆಯ ಬಾಳು

ಬೆಳೆಗಳು, ಮಣ್ಣು, ಪಶುಗಳು, ಜನರು ಇವುಗಳ ಪರಸ್ಪರ ಸಂಬಂಧವನ್ನು ಒಂದೇ ಕುಟುಂಬದಂತೆ ಅಧ್ಯಯನ ಮಾಡಿ, ಆ ಸಂಬಂಧಗಳ ಬಲದಿಂದಲೇ ಬೇಸಾಯವನ್ನು ನಡೆಸುವ ಕ್ರಮಕ್ಕೆ ಪರಿಸರ ಕೃಷಿ ಎಂದು ಹೆಸರು. ಈ ಅರ್ಥದ ಶಬ್ದವನ್ನು 1928ರಲ್ಲಿ ಬೆನ್ಸಿನ್ ಎಂಬ ರಷ್ಯನ್ ಕೃಷಿ ವಿಜ್ಞಾನಿಯು ಬಳಸಿದನು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯು 2018ರಲ್ಲಿ ಇದರ ಹತ್ತು ಅಂಗಗಳನ್ನು ಗುರುತಿಸಿ ಪ್ರಕಟಿಸಿತು. ವೈವಿಧ್ಯ, ಮರುಬಳಕೆ, ಪರಸ್ಪರ ಪೂರಕತೆ ಇವು ಹೊಲಕ್ಕೆ ಸಂಬಂಧಿಸಿದವು. ಆಹಾರ ಸಂಸ್ಕೃತಿ, ಮಾನವೀಯ ಮೌಲ್ಯ, ಉಣ್ಣುವವರನ್ನೂ ಬೆಳೆಯುವವರನ್ನೂ ಹತ್ತಿರ ತರುವ ಆರ್ಥಿಕತೆ ಇವೂ ಆ ಹತ್ತರಲ್ಲಿ ಸೇರಿರುವುದು ಗಮನಾರ್ಹ. ಗೊಬ್ಬರದ ಚೀಲವನ್ನು ಬದಲಿಸಿದರೆ ಸಾಲದು, ಬೆಳೆದದ್ದನ್ನು ಉಣ್ಣುವ ಜನವೂ ಬೇಕು ಎಂಬುದೇ ಇದರ ತಾತ್ಪರ್ಯ.

ಹೀಗೆ ಹೊಲ ಮತ್ತು ಊಟ ಎರಡನ್ನೂ ಕೂಡಿಸಿ ತಿದ್ದಿದ ಉದಾಹರಣೆಯನ್ನು ನೋಡಲು ನಾವು ಬಹುದೂರ ಹೋಗಬೇಕಾಗಿಲ್ಲ. ನಮ್ಮ ಬೀದರ ಜಿಲ್ಲೆಯ ಗಡಿಯನ್ನು ದಾಟಿದರೆ ತೆಲಂಗಾಣದ ಜಹೀರಾಬಾದ್ ಸೀಮೆ. ಅಲ್ಲಿ 1983ರಲ್ಲಿ ಆರಂಭವಾದ ದಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯನ್ನು ದೀರ್ಘಕಾಲ ಮುನ್ನಡೆಸಿದವರು ಮೈಸೂರಿನಲ್ಲಿ ಹುಟ್ಟಿ ದೂರದರ್ಶನದಲ್ಲಿ ಕೆಲಸ ಮಾಡಿದ್ದ ಪಿ. ವಿ. ಸತೀಶ್ ಅವರು. 2023ರ ಮಾರ್ಚಿನಲ್ಲಿ ಅವರು ನಿಧನರಾದರು. ಈ ಸಂಸ್ಥೆಯ ಜೀವಾಳವೆಂದರೆ ಹಳ್ಳಿಗಳ ದಲಿತ ಮಹಿಳೆಯರ ಸಂಘಗಳು. ಅಕ್ಷರ ಬಾರದಿದ್ದರೂ ಬೀಜದ ವಿದ್ಯೆ ಬಲ್ಲ ಆ ತಾಯಂದಿರು ತಮ್ಮ ಸಣ್ಣ ತುಂಡು ಭೂಮಿಯಲ್ಲಿಯೇ ಹತ್ತಾರು ಬೆಳೆಗಳನ್ನು ಕೂಡಿಸಿ ಬೆಳೆದರು.

1990ರ ದಶಕದ ನಡುಭಾಗದಲ್ಲಿ ಅವರು ಕೈಗೊಂಡ ಕಾರ್ಯವು ನಮಗೆಲ್ಲ ಪಾಠವಾಗಬೇಕು. ಪಡಿತರದ ಅಕ್ಕಿಯಿಂದಾಗಿ ಜೋಳದ ಹೊಲಗಳು ಬೀಳುಬಿದ್ದಿದ್ದವು. ಅಂತಹ ಭೂಮಿಯನ್ನು ಹೊಂದಿದ್ದ ಸಣ್ಣ ರೈತರಿಗೆ ಉಳುಮೆಗೆ, ಗೊಬ್ಬರಕ್ಕೆ ಮುಂಗಡವನ್ನು ಕೊಡಲಾಯಿತು. ಆ ಸಾಲವನ್ನು ಅವರು ತೀರಿಸಬೇಕಾದುದು ಜೋಳದ ರೂಪದಲ್ಲಿ. ಹಾಗೆ ಬಂದ ಜೋಳವನ್ನು ಊರಿನಲ್ಲಿಯೇ ಕೂಡಿಟ್ಟು, ದುಡಿಮೆ ಇಲ್ಲದ ತಿಂಗಳುಗಳಲ್ಲಿ ಕಡುಬಡವರ ಮನೆಗಳಿಗೆ ಅಗ್ಗದ ದರದಲ್ಲಿ ಹಂಚಲಾಯಿತು. ಯಾರು ಕಡುಬಡವರು ಎಂಬುದನ್ನು ಊರವರೇ ಕೂಡಿ ಕುಳಿತು ನಿರ್ಧರಿಸಿದರು. ವ್ಯವಹಾರವನ್ನು ಮಹಿಳೆಯರ ಸಮಿತಿಗಳು ನೋಡಿಕೊಂಡವು. ಬೀಳು ಭೂಮಿ ಹಸಿರಾಯಿತು, ದನಕ್ಕೆ ಮೇವು ಬಂದಿತು, ಕೂಲಿಯವರಿಗೆ ಕೆಲಸ ದೊರೆಯಿತು, ಬಡವನ ಗಂಗಾಳಕ್ಕೆ ಅವನ ನಾಲಿಗೆ ಬಲ್ಲ ರೊಟ್ಟಿ ಮರಳಿತು. ಅದೇ ಮಹಿಳೆಯರು ಎತ್ತಿನ ಬಂಡಿಗಳಲ್ಲಿ ನಾಟಿ ಬೀಜಗಳನ್ನು ಅಲಂಕರಿಸಿಕೊಂಡು ಊರೂರಿಗೆ ಜಾತ್ರೆ ಹೊರಡುವ ಸಂಪ್ರದಾಯವನ್ನು ಬೆಳೆಸಿದರು. 2019ರಲ್ಲಿ ಈ ಸಂಸ್ಥೆಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿಯು ಸಂದಿತು.

ಅವಸರವು ಅನರ್ಥಕ್ಕೆ ದಾರಿ

ಇಷ್ಟನ್ನು ಓದಿದವರು, ಹಾಗಾದರೆ ನಾಳೆಯಿಂದಲೇ ಎಲ್ಲವನ್ನೂ ಬದಲಿಸೋಣ ಎಂದು ಹೊರಟರೆ ಅಪಾಯವುಂಟು. ನೆರೆಯ ಶ್ರೀಲಂಕಾದ ಅನುಭವವನ್ನು ಮರೆಯಬಾರದು. 2021ರ ಏಪ್ರಿಲ್-ಮೇ ತಿಂಗಳಲ್ಲಿ ಅಲ್ಲಿನ ಸರ್ಕಾರವು ರಾಸಾಯನಿಕ ಗೊಬ್ಬರ ಮತ್ತು ಕೀಟನಾಶಕಗಳ ಆಮದನ್ನು ಹಠಾತ್ತನೆ ನಿಷೇಧಿಸಿತು. ಮಣ್ಣನ್ನು ಸಿದ್ಧಪಡಿಸಿರಲಿಲ್ಲ, ಸಾವಯವ ಗೊಬ್ಬರದ ದಾಸ್ತಾನಿರಲಿಲ್ಲ, ರೈತನಿಗೆ ತರಬೇತಿ ಇರಲಿಲ್ಲ. ಭತ್ತದ ಫಸಲು ಕುಸಿಯಿತು, ಚಹಾ ತೋಟಗಳಿಗೆ ಪೆಟ್ಟು ಬಿದ್ದಿತು. ಅದೇ ವರ್ಷದ ನವೆಂಬರಿನಲ್ಲಿ ನಿಷೇಧವನ್ನು ಹಿಂತೆಗೆದುಕೊಳ್ಳಬೇಕಾಯಿತು. ದಶಕಗಳ ಕಾಲ ಗೊಬ್ಬರದ ಚೀಲಕ್ಕೆ ಒಗ್ಗಿದ ಮಣ್ಣು ಒಂದು ಆಜ್ಞೆಯಿಂದ ಮರಳಿ ಜೀವಂತವಾಗಲಾರದು. ಅದಕ್ಕೆ ಕಾಲಾವಕಾಶ ಬೇಕು.

ಆಂಧ್ರಪ್ರದೇಶದಲ್ಲಿ ಬೇರೆಯ ದಾರಿಯನ್ನು ಹಿಡಿದರು. 2016ರಿಂದ ಅಲ್ಲಿನ ರೈತು ಸಾಧಿಕಾರ ಸಂಸ್ಥೆಯು ಮಹಿಳಾ ಸ್ವಸಹಾಯ ಸಂಘಗಳ ಮೂಲಕ ನೈಸರ್ಗಿಕ ಕೃಷಿಯನ್ನು ಹಳ್ಳಿಯಿಂದ ಹಳ್ಳಿಗೆ ಮೆಲ್ಲನೆ ಹರಡುತ್ತಿದೆ. ಒಬ್ಬ ರೈತನು ಮೊದಲು ತನ್ನ ಭೂಮಿಯ ಒಂದು ತುಂಡಿನಲ್ಲಿ ಮಾಡಿ ನೋಡುತ್ತಾನೆ. ನಂಬಿಕೆ ಬಂದ ಮೇಲೆ ಹೆಚ್ಚಿಸುತ್ತಾನೆ. ಅವನಿಗೆ ಕಲಿಸುವವನು ಅದೇ ಬೇಸಾಯವನ್ನು ಮಾಡುತ್ತಿರುವ ಇನ್ನೊಬ್ಬ ರೈತ. ಮುಂಗಾರಿಗೆ ಮೊದಲೇ ನವಧಾನ್ಯಗಳನ್ನು ಬಿತ್ತಿ ಭೂಮಿಯನ್ನು ಬರಿದಾಗಿ ಬಿಡದಿರುವುದು ಅವರ ಒಂದು ಮುಖ್ಯ ಕ್ರಮ. 2024ರಲ್ಲಿ ಈ ಕಾರ್ಯಕ್ಕೆ ಪೋರ್ಚುಗಲ್ ದೇಶದ ಗುಲ್ಬೆಂಕಿಯನ್ ಪ್ರಶಸ್ತಿಯ ಗೌರವವು ಲಭಿಸಿತು. ಶ್ರೀಲಂಕಾದ ಅವಸರವನ್ನೂ ಆಂಧ್ರದ ತಾಳ್ಮೆಯನ್ನೂ ಎದುರುಬದುರು ಇಟ್ಟು ನೋಡಿದರೆ, ಪರಿವರ್ತನೆಯು ಯಾವ ನಡಿಗೆಯಲ್ಲಿ ಬರಬೇಕು ಎಂಬುದು ಸ್ಪಷ್ಟವಾಗುತ್ತದೆ.

ನಮ್ಮ ರಾಜ್ಯವೂ ಸುಮ್ಮನೆ ಕುಳಿತಿಲ್ಲ. ಕರ್ನಾಟಕವು 2004ರಲ್ಲಿಯೇ ಸಾವಯವ ಕೃಷಿ ನೀತಿಯನ್ನು ರೂಪಿಸಿತು. ನವಣೆ, ಸಾಮೆ, ಹಾರಕಗಳಂತಹ ಕಿರುಧಾನ್ಯಗಳನ್ನು ಬೆಳೆಯುವವರಿಗೆ 2019-20ರಲ್ಲಿ ಹೆಕ್ಟೇರಿಗೆ 10,000 ರೂಪಾಯಿಯ ಪ್ರೋತ್ಸಾಹಧನದ ರೈತ ಸಿರಿ ಯೋಜನೆಯು ಬಂದಿತು. ಪಡಿತರದಲ್ಲಿ ದಕ್ಷಿಣಕ್ಕೆ ರಾಗಿ, ಉತ್ತರಕ್ಕೆ ಜೋಳ ಎಂಬ ಪ್ರಯತ್ನವೂ ನಡೆದಿದೆ. ಭಾರತದ ಪ್ರಸ್ತಾವದ ಮೇರೆಗೆ ವಿಶ್ವಸಂಸ್ಥೆಯು 2023ನೆಯ ಇಸವಿಯನ್ನು ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷವೆಂದು ಆಚರಿಸಿತು. ವರ್ಷವು ಮುಗಿಯಿತು, ಫಲಕಗಳು ಇಳಿದವು. ರೈತನ ಹೊಲದಲ್ಲಿ ಸಾಲುಗಳು ಉಳಿಯಬೇಕಾದರೆ ಉತ್ಸವಕ್ಕಿಂತ ಗಟ್ಟಿಯಾದ ಆಸರೆಯು ಬೇಕು.

ಜೋಳದ ಹಿಂದಿರುವ ಬೆವರು

ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಜೋಳವನ್ನು ಹೊಗಳುವುದು ಸುಲಭ, ಬೆಳೆಯುವುದು ಕಷ್ಟ. ಮಳೆಯಾಶ್ರಯದ ಹಿಂಗಾರಿ ಜೋಳವು ಹೆಕ್ಟೇರಿಗೆ ಸುಮಾರು ಒಂದು ಟನ್ ಕಾಳು ಕೊಟ್ಟರೆ ದೊಡ್ಡದು. ತೆನೆ ಹಾಲುಗಟ್ಟಿದ ದಿನದಿಂದ ಹಕ್ಕಿಗಳನ್ನು ಓಡಿಸಬೇಕು. ಗಟ್ಟಿಯಾಗಿ ಬಿರಿದ ಎರೆಯಲ್ಲಿ ದಂಟನ್ನು ಬೇರುಸಹಿತ ಕೈಯಿಂದ ಕೀಳುವುದು ಅಂಗೈ ಸುಲಿಯುವ ಕೆಲಸ. ಆ ಕೆಲಸಕ್ಕೆ ಇಂದು ಆಳುಗಳು ದೊರೆಯುವುದಿಲ್ಲ. 2024-25ರಲ್ಲಿ ಕೇಂದ್ರ ಸರ್ಕಾರವು ಹೈಬ್ರಿಡ್ ಜೋಳಕ್ಕೆ ಕ್ವಿಂಟಲಿಗೆ 3,371 ರೂಪಾಯಿ, ಮಾಲದಂಡಿಗೆ 3,421 ರೂಪಾಯಿ ಬೆಂಬಲ ಬೆಲೆಯನ್ನು ಘೋಷಿಸಿತು. ರುಚಿಗೂ ಮೇವಿಗೂ ಹೆಸರಾದ ಮಾಲದಂಡಿಗೆ ದೊರೆತ ಹೆಚ್ಚುವರಿ ಮರ್ಯಾದೆ ಕ್ವಿಂಟಲಿಗೆ 50 ರೂಪಾಯಿ! ಬೆಲೆ ಘೋಷಿಸಿದ ಮಾತ್ರಕ್ಕೆ ಖರೀದಿ ಕೇಂದ್ರವು ಸಕಾಲಕ್ಕೆ ತೆರೆಯುತ್ತದೆ ಎಂಬ ಭರವಸೆಯೂ ಇಲ್ಲ. ಪಕ್ಕದ ಹೊಲದಲ್ಲಿ ಕಬ್ಬು ನಿಂತಿರುವಾಗ, ನೀನು ಮಾತ್ರ ಜೋಳವನ್ನು ಬಿತ್ತಿ ಸಂಸ್ಕೃತಿಯನ್ನು ಉಳಿಸು ಎಂದು ರೈತನಿಗೆ ಉಪದೇಶಿಸುವ ಅಧಿಕಾರವು ಉಣ್ಣುವವರಿಗೆ ಇದೆಯೇ?

ಅಡುಗೆಮನೆಯಲ್ಲಿಯೂ ಹಾಗೆಯೇ. ಅಕ್ಕಿಯನ್ನು ತೊಳೆದು ಕುಕ್ಕರಿಗೆ ಇಟ್ಟರೆ ಅನ್ನವಾಗುತ್ತದೆ. ರೊಟ್ಟಿಯಾದರೋ ಹಿಟ್ಟನ್ನು ಬಿಸಿನೀರಿನಲ್ಲಿ ನಾದಿ, ಒಂದೊಂದನ್ನೇ ಬಡಿದು, ಹಂಚಿನ ಕಾವಿನ ಮುಂದೆ ಕುಳಿತು ಬೇಯಿಸಬೇಕು. ಈ ಶ್ರಮವನ್ನು ತಲೆತಲಾಂತರದಿಂದ ಹೊತ್ತವರು ತಾಯಂದಿರು ಮತ್ತು ಸೊಸೆಯಂದಿರು. ನೌಕರಿಗೆ ಹೋಗಿ ಬರುವ ಹೆಣ್ಣುಮಗಳು ಸಂಜೆ ಮತ್ತೆ ಹತ್ತಿಪ್ಪತ್ತು ರೊಟ್ಟಿ ಬಡಿಯಲಿ ಎಂದು ಗಂಡಸರು ಹೊರಸಿನ ಮೇಲೆ ಕುಳಿತು ಸಿರಿಧಾನ್ಯದ ಮಹಿಮೆಯನ್ನು ಹೇಳಿದರೆ ಅದು ಧರ್ಮವಾಗಲಾರದು. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ನಂಬಿದ ಮನೆಗಳಲ್ಲಿ ರೊಟ್ಟಿಯ ಕಾಯಕವೂ ಹಂಚಿಕೆಯಾಗಬೇಕು. ಊರೂರುಗಳಲ್ಲಿ ರೊಟ್ಟಿ ಮಾಡಿ ಮಾರುವ ಮಹಿಳಾ ಗುಂಪುಗಳಿಗೆ ನ್ಯಾಯವಾದ ಬೆಲೆ ಕೊಟ್ಟು ಕೊಳ್ಳುವುದೂ ಒಂದು ಹಂಚಿಕೆಯೇ. ಹಿಟ್ಟು ನಾದುವ, ರೊಟ್ಟಿ ಒತ್ತುವ ಯಂತ್ರಗಳು ಬಂದಿರುವುದು ಸ್ವಾಗತಾರ್ಹ. ಜೋಳದ ಕೊಯ್ಲಿಗೂ ಸಣ್ಣ ಹಿಡುವಳಿಗೆ ಹೊಂದುವ ಯಂತ್ರಗಳು ಇನ್ನಷ್ಟು ಬರಬೇಕು.

ಶ್ರಮಕ್ಕೆ ತಕ್ಕ ಫಲವಿದೆಯೇ ಎಂದು ಕೇಳಿದರೆ, ಇದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಕೋಷ್ಟಕಗಳ ಪ್ರಕಾರ ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿನಂಶವಿದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಮಿಗಿಂತ ಕಡಿಮೆ. ಜೋಳದಲ್ಲಿ ಕಬ್ಬಿಣಾಂಶವು ಸುಮಾರು 4 ಮಿಲಿಗ್ರಾಂ; ಅಕ್ಕಿಯಲ್ಲಿ ಒಂದು ಮಿಲಿಗ್ರಾಂ ಕೂಡ ಇಲ್ಲ. ಸಕ್ಕರೆ ಕಾಯಿಲೆಯು ಮನೆಮನೆಯ ಅತಿಥಿಯಾಗಿರುವ ಈ ದಿನಗಳಲ್ಲಿ ಈ ಅಂಕಿಗಳು ಯೋಚನೆಗೆ ಹಚ್ಚಬೇಕು. ಜೋಳವು ಔಷಧಿಯಲ್ಲ, ವೈದ್ಯರ ಸಲಹೆಗೆ ಬದಲಿಯೂ ಅಲ್ಲ. ಬೇಳೆ, ಸೊಪ್ಪು, ಕಾಳುಗಳೊಡನೆ ಕೂಡಿದಾಗ ಅದು ಪೂರ್ಣವಾದ ಊಟ, ಅಷ್ಟೇ.

ನಮ್ಮ ಕೈಯಲ್ಲಿರುವುದು

ಸರ್ಕಾರವು ಮಾಡಬೇಕಾದುದನ್ನು ಸರ್ಕಾರವು ಮಾಡಲಿ. ಮನೆಯವರ ಕೈಯಲ್ಲಿಯೂ ಕೆಲವು ಕಾರ್ಯಗಳಿವೆ. ಮೊದಲನೆಯದಾಗಿ, ವರ್ಷದ ಜೋಳ ಮತ್ತು ಬೇಳೆಯನ್ನು ಸುಗ್ಗಿಯ ಕಾಲದಲ್ಲಿ ಪರಿಚಯದ ರೈತರಿಂದ ನೇರವಾಗಿ ಕೊಂಡುಕೊಳ್ಳಬಹುದು. ನಾಲ್ಕಾರು ಮನೆಗಳು ಕೂಡಿ ಬಿತ್ತನೆಗೆ ಮೊದಲೇ ಮಾತು ಕೊಟ್ಟರೆ ಇನ್ನೂ ಒಳ್ಳೆಯದು. ಹಿಂದೆ ಹಗೇವಿನಲ್ಲಿ ವರ್ಷಗಟ್ಟಲೆ ಕಾಳನ್ನು ಕಾಪಾಡುತ್ತಿದ್ದ ನಮಗೆ, ಬೇವಿನ ಎಲೆಯೊಡನೆ ನಾಲ್ಕು ಚೀಲ ಜೋಳವನ್ನು ಕಾಪಾಡುವುದು ಅಸಾಧ್ಯವಲ್ಲ. ಜೋಳದ ಜೊತೆಗೆ ಅದೇ ಹೊಲದ ಕಡಲೆ, ಕುಸುಬೆ, ಅಗಸೆಗಳನ್ನೂ ಕೊಳ್ಳಬೇಕು ಎಂಬುದು ಮುಖ್ಯ. ಅಕ್ಕಡಿಗೆ ಗಿರಾಕಿ ಇಲ್ಲದಿದ್ದರೆ ಅಕ್ಕಡಿ ಸಾಲು ಉಳಿಯುವುದಾದರೂ ಹೇಗೆ?

ಎರಡನೆಯದಾಗಿ, ನಮ್ಮ ಮದುವೆ, ಗೃಹಪ್ರವೇಶಗಳ ಪಂಕ್ತಿಗಳು. ಒಂದು ಮದುವೆಯಲ್ಲಿ ಸಾವಿರ ಜನ ಉಂಡರೆ ಅದು ಒಂದು ದಿನದ ಸಂತೆಗೆ ಸಮಾನ. ದೂರದೂರಿನ ತಿನಿಸುಗಳ ಸಾಲಿನಲ್ಲಿ ಎಣ್ಣೆಗಾಯಿ, ಕಾಳುಪಲ್ಯದೊಡನೆ ಬಿಸಿರೊಟ್ಟಿಗೂ ಮರ್ಯಾದೆಯ ಸ್ಥಾನವಿರಲಿ. ಬಡವರ ಊಟವೆಂದು ಒಂದು ಕಾಲಕ್ಕೆ ಹಿಂದೆ ಸರಿಸಿದ ರೊಟ್ಟಿಯನ್ನು ಮಕ್ಕಳು ಹೆಮ್ಮೆಯಿಂದ ಉಣ್ಣುವಂತಾಗಬೇಕು.

ಮೂರನೆಯದು ದಾಸೋಹ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹಕ್ಕೆ ಸುತ್ತಲಿನ ಹಳ್ಳಿಗಳ ಮನೆಮನೆಯಲ್ಲಿ ರೊಟ್ಟಿಗಳನ್ನು ಬಡಿದು, ಬಂಡಿಗಳಲ್ಲಿ, ಟ್ರ್ಯಾಕ್ಟರುಗಳಲ್ಲಿ ಹೇರಿಕೊಂಡು ತಂದು ಅರ್ಪಿಸುವ ದೃಶ್ಯವನ್ನು ಕಂಡವರು ಮರೆಯಲಾರರು. ಲಕ್ಷಲಕ್ಷ ರೊಟ್ಟಿಗಳ ಹಿಂದೆ ಎಷ್ಟು ಎಕರೆ ಜೋಳ, ಎಷ್ಟು ಕೈಗಳ ಕಾಯಕ! ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ರಾಗಿಮುದ್ದೆಯನ್ನು ಉಂಡು ಓದಿ ಬೆಳೆದಿದ್ದಾರೆ. ಇಂತಹ ದೊಡ್ಡ ಅಡುಗೆಮನೆಗಳು, ವಿದ್ಯಾರ್ಥಿ ನಿಲಯಗಳು ಸುತ್ತಲಿನ ಸಣ್ಣ ರೈತರ ಜೋಳ, ರಾಗಿ, ಬೇಳೆಗಳಿಗೆ ವರ್ಷವರ್ಷವೂ ನಿಶ್ಚಿತ ಗಿರಾಕಿಯಾದರೆ, ಯಾವ ಪ್ರಚಾರ ಫಲಕವೂ ಕೊಡಲಾಗದ ಧೈರ್ಯವನ್ನು ರೈತನಿಗೆ ಕೊಟ್ಟಂತಾಗುತ್ತದೆ. ಜಹೀರಾಬಾದಿನ ಬಡ ತಾಯಂದಿರು ಒಂದು ಹಿಡಿ ಬಂಡವಾಳದಿಂದ ಮಾಡಿ ತೋರಿಸಿದುದನ್ನು, ಅವರಿಗಿಂತ ಹೆಚ್ಚು ಅನುಕೂಲವುಳ್ಳ ನಾವು ಮಾಡಲಾರೆವೇ?

ಭೂಮಿಯುಳ್ಳ ಬಂಧುಗಳಲ್ಲಿ ಒಂದು ಬಿನ್ನಹ. ಇಡೀ ಹೊಲವನ್ನು ಬದಲಿಸುವುದು ಬೇಡ. ಈ ಹಿಂಗಾರಿಗೆ ಒಂದು ಎಕರೆಯಲ್ಲಿ ಹಿರಿಯರ ಕ್ರಮದಂತೆ ಅಕ್ಕಡಿಯನ್ನು ಇಟ್ಟು, ಖರ್ಚು-ಆದಾಯಗಳ ಲೆಕ್ಕವನ್ನು ಬರೆದಿಟ್ಟುಕೊಳ್ಳಿರಿ. ಕಾಳಿನ ಲೆಕ್ಕದೊಡನೆ ಕಣಕಿಯ ಲೆಕ್ಕವೂ ಇರಲಿ, ಕೊಳ್ಳದೆ ಉಳಿದ ಗೊಬ್ಬರ ಔಷಧಿಗಳ ಲೆಕ್ಕವೂ ಇರಲಿ. ಪಟ್ಟಣದಲ್ಲಿ ನೆಲೆಸಿರುವ ಬಂಧುಗಳು ಆ ಎಕರೆಯ ಫಸಲನ್ನು ನಾವು ಕೊಳ್ಳುತ್ತೇವೆಂದು ಬಿತ್ತನೆಗೆ ಮುಂಚೆಯೇ ಮಾತು ಕೊಡಲಿ. ಬೆಳೆಯುವವನ ನಷ್ಟದಲ್ಲಿಯೂ ಲಾಭದಲ್ಲಿಯೂ ಉಣ್ಣುವವನು ಪಾಲುದಾರನಾದ ದಿನ ಅಕ್ಕಡಿಯ ಸಾಲುಗಳು ಹೊಲಕ್ಕೆ ಮರಳುತ್ತವೆ. ಆ ಮಾತನ್ನು ಕೊಡಲು ಮುಂದಿನ ಕೂರಿಗೆ ಹೂಡುವವರೆಗೂ ಸಮಯವಿದೆ.